ಸತ್ಯಾಂಶ: ಶಾಲೆ ನಡೆಯುವುದು ಬರೀ ಸೆಸ್ ಹಣದಿಂದಲಾ?

ಮುಂಬೈ ಬಳಿಯ ನಮ್ಮ ಡೊಂಬಿವಲಿ ಕನ್ನಡಿಗರ ವಾಟ್ಸಾಪ್ ಗುಂಪಿಗೆ ಮತ್ತೆ ಅದೇ ಫಾರ್ವರ್ಡ್: ‘ಸರ್ಕಾರಿ ಶಾಲೆಗಳೆಲ್ಲ ನಡೆಯುವುದು ನಾವು ದೆಹಲಿಗೆ ಕಟ್ಟುವ ಸೆಸ್‌ನಿಂದ. ರಾಜ್ಯದ್ದು ಬರೀ ಬೋರ್ಡು.’

ಹಾಗಲ್ಲ. ಸೆಸ್, ಅಂದರೆ ಶಿಕ್ಷಣಕ್ಕೆಂದು ತೆರಿಗೆಯ ಜೊತೆ ಕಟ್ಟಿಸಿಕೊಳ್ಳುವ ಹೆಚ್ಚುವರಿ ಹಣ, ಇರುವುದು ನಿಜ. 2004ರಲ್ಲಿ ಶೇ. 2 ಇತ್ತು, 2018ರಿಂದ ಆರೋಗ್ಯವೂ ಸೇರಿ ಶೇ. 4. ಅದೂ ಆದಾಯದ ಮೇಲಲ್ಲ, ತೆರಿಗೆಯ ಮೇಲೆ. 10,000 ರೂಪಾಯಿ ತೆರಿಗೆಗೆ 400, ಅಷ್ಟೇ.

ಶಿಕ್ಷಣದ ಸರ್ಕಾರಿ ಖರ್ಚಿನಲ್ಲಿ ಜಾಸ್ತಿ ಪಾಲು ರಾಜ್ಯಗಳದ್ದೇ. ಮೇಷ್ಟ್ರುಗಳ ಸಂಬಳವೇ ಎಷ್ಟಾಗುತ್ತದೆ, ಯೋಚಿಸಿ! ಕೇಂದ್ರದ ಸಮಗ್ರ ಶಿಕ್ಷಾ ಯೋಜನೆಯಲ್ಲೂ ಮಹಾರಾಷ್ಟ್ರ 100ಕ್ಕೆ 40 ಹಾಕಬೇಕು.

ಮುಂಬೈ ಪಾಲಿಕೆಯ ಕನ್ನಡ ಶಾಲೆಗಳ ಖರ್ಚು? ಅದು ಪಾಲಿಕೆಯ ಶಿಕ್ಷಣ ಬಜೆಟ್ಟಿನಲ್ಲಿರುತ್ತದೆ. ಬೆಂಗಳೂರಿನಿಂದ ದುಡ್ಡು ಬರುತ್ತದೆ ಅಂತ ನಮ್ಮಲ್ಲೇ ಕೆಲವರು ಸುಮ್ನೆ ನಂಬಿದ್ದಾರೆ.