‘ಅಡ್ವಾನ್ಸ್ಡ್ ಒತ್ತಿ ಮುಂದೆ ಹೋಗಿ’ ಎಂಬ ಸಲಹೆಯ ಕುರಿತು

ಜಾಲತಾಣವೊಂದನ್ನು ತೆರೆಯುವಾಗ ‘ನಿಮ್ಮ ಸಂಪರ್ಕ ಖಾಸಗಿಯಾಗಿಲ್ಲ’ ಎಂಬ ಎಚ್ಚರಿಕೆ ಪರದೆಯ ತುಂಬ ಬಂದರೆ, ಅದರಲ್ಲಿರುವ ‘ಅಡ್ವಾನ್ಸ್ಡ್’ ಗುಂಡಿ ಒತ್ತಿ ಮುಂದೆ ಹೋಗಿ ಎಂದು ಸಲೀಸಾಗಿ ಹೇಳಿಬಿಡುವವರಿದ್ದಾರೆ. ಎಷ್ಟೋ ಸಲ ತಾಣವನ್ನು ನಡೆಸುವವರೇ ಬಳಕೆದಾರರಿಗೆ ಈ ಉಪಾಯ ಹೇಳಿಕೊಡುತ್ತಾರೆ. ತಮ್ಮ ಅಸಡ್ಡೆಯ ಭಾರವನ್ನು ಬಳಕೆದಾರರ ತಲೆಗೆ ಕಟ್ಟುವ ಈ ಪರಿಪಾಠವನ್ನು ನಾನು ಒಪ್ಪಲಾರೆ.

ಎಚ್ಚರಿಕೆಗಳೆಲ್ಲ ಒಂದೇ ತೂಕದವಲ್ಲ ಎಂಬುದು ನಿಜ. ಪರದೆಯ ಮೇಲೆ ಸಣ್ಣ ಅಕ್ಷರಗಳಲ್ಲಿರುವ ಕೋಡ್‌ನಲ್ಲಿ ‘ಡೇಟ್ ಇನ್‌ವ್ಯಾಲಿಡ್’ ಎಂದಿದ್ದರೆ ಸರ್ಟಿಫಿಕೇಟ್‌ನ, ಅಂದರೆ ಈ ವಿಳಾಸ ಆ ತಾಣದ್ದೇ ಎಂದು ನಂಬಿಕಸ್ಥ ಸಂಸ್ಥೆಯೊಂದು ಸಹಿ ಹಾಕಿ ಕೊಡುವ ಡಿಜಿಟಲ್ ಗುರುತಿನ ಚೀಟಿಯ, ಅವಧಿ ಮುಗಿದಿರಬಹುದು, ಇಲ್ಲವೇ ನಮ್ಮ ಗಡಿಯಾರವೇ ತಪ್ಪಿರಬಹುದು; ಒಳಗಿನ ಪುಟ್ಟ ಬ್ಯಾಟರಿ ಸತ್ತ ಹಳೆಯ ಕಂಪ್ಯೂಟರ್‌ನಲ್ಲಿ ದಿನಾಂಕ ವರ್ಷಗಟ್ಟಲೆ ಹಿಂದಕ್ಕೆ ಸರಿದು, ಇದ್ದಬದ್ದ ತಾಣಗಳೆಲ್ಲ ಒಮ್ಮೆಲೇ ಅನುಮಾನಾಸ್ಪದವಾಗಿ ಕಾಣತೊಡಗುತ್ತವೆ. ‘ಕಾಮನ್ ನೇಮ್ ಇನ್‌ವ್ಯಾಲಿಡ್’ ಎಂದರೆ ಆ ಸರ್ಟಿಫಿಕೇಟ್ ಬೇರೊಂದು ವಿಳಾಸಕ್ಕೆ ಸೇರಿದ್ದು. ‘ಅಥಾರಿಟಿ ಇನ್‌ವ್ಯಾಲಿಡ್’ ಎಂದರೆ ಅದಕ್ಕೆ ಸಹಿ ಹಾಕಿದವರು ಯಾರೆಂದು ಬ್ರೌಸರ್‌ಗೆ ತಿಳಿಯದು. ನನಗೆ ಹೆಚ್ಚು ಭಯ ಹುಟ್ಟಿಸುವುದು ಈ ಕೊನೆಯದು. ನಿರ್ವಾಹಕನೊಬ್ಬ ಸೋಮಾರಿತನದಿಂದ ತಾನೇ ಸಹಿ ಹಾಕಿಕೊಂಡ ಸರ್ಟಿಫಿಕೇಟ್ ಇಟ್ಟಾಗಲೂ, ನಡುವೆ ಕುಳಿತು ನಮ್ಮ ಪಾಸ್‌ವರ್ಡ್ ಓದಲು ಹೊಂಚುವವನು ನಕಲಿಯೊಂದನ್ನು ತೋರಿಸಿದಾಗಲೂ ಬ್ರೌಸರ್ ಹೇಳುವುದು ಇದೇ ಮಾತನ್ನು. ಇಬ್ಬರನ್ನೂ ಬೇರ್ಪಡಿಸಿ ತೋರಿಸುವ ದಾರಿ ಅದಕ್ಕಿಲ್ಲ. ಹೀಗಿರುವಾಗ ಸಲಹೆ ಕೊಡುವವರಿಗೆ ಮಾತ್ರ ಅದು ಹೇಗೆ ತಿಳಿಯುತ್ತದೆ?

2011ರಲ್ಲಿ ನೆದರ್ಲೆಂಡ್ಸ್‌ನ ಡಿಜಿನೋಟಾರ್ ಎಂಬ, ಸರ್ಟಿಫಿಕೇಟ್‌ಗಳಿಗೆ ಸಹಿ ಹಾಕುವ ಪ್ರಮಾಣೀಕರಣ ಸಂಸ್ಥೆಯ ವ್ಯವಸ್ಥೆಯೊಳಗೆ ನುಗ್ಗಿದವರು ಗೂಗಲ್ ಹೆಸರಿನಲ್ಲಿ ಸುಳ್ಳು ಸರ್ಟಿಫಿಕೇಟ್ ಸೃಷ್ಟಿಸಿದರು, ಮತ್ತು ಅದು ಇರಾನ್‌ನ ಬಳಕೆದಾರರ ಮೇಲೆ ಪ್ರಯೋಗವಾಯಿತು. ಸಹಿ ಹಾಕಿದ್ದು ನಂಬಿಕಸ್ಥ ಸಂಸ್ಥೆಯೇ ಆದ್ದರಿಂದ ಉಳಿದ ಬ್ರೌಸರ್‌ಗಳಿಗೆ ಅನುಮಾನ ಬರಲಿಲ್ಲ. ಆದರೆ ಗೂಗಲ್‌ಗೆ ಯಾರು ಸಹಿ ಹಾಕಬಹುದೆಂಬ ಪಟ್ಟಿ ಕ್ರೋಮ್‌ನೊಳಗೇ ಇದ್ದುದರಿಂದ ಅದು ಎಚ್ಚರಿಸಿತು. ಅದನ್ನು ಕಂಡ ಅಲ್ಲಿನ ಬಳಕೆದಾರರೊಬ್ಬರು ಉಪೇಕ್ಷಿಸದೆ ಬಹಿರಂಗವಾಗಿ ವಿಚಾರಿಸಿದ್ದರಿಂದಲೇ ಪ್ರಕರಣ ಹೊರಬಿದ್ದಿತು. ಬ್ರೌಸರ್‌ಗಳು ಆ ಸಂಸ್ಥೆಯನ್ನು ಕೈಬಿಟ್ಟವು; ಸೆಪ್ಟೆಂಬರ್‌ನಲ್ಲಿ ಅದು ದಿವಾಳಿಯಾಯಿತು.

ತಾಣ ನಡೆಸುವವರಿಗೆ ಖರ್ಚಿನ ನೆಪವೂ ಈಗ ಉಳಿದಿಲ್ಲ. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಪ್ರಮಾಣೀಕರಣ ಸಂಸ್ಥೆ 2015ರಿಂದಲೂ ಉಚಿತವಾಗಿ ಸರ್ಟಿಫಿಕೇಟ್ ಕೊಡುತ್ತಿದೆ, ನವೀಕರಣವನ್ನು ಸ್ವಯಂಚಾಲಿತಗೊಳಿಸುವ ಸಾಧನಗಳಿವೆ. ಸರ್ಟಿಫಿಕೇಟ್‌ಗಳ ಗರಿಷ್ಠ ಅವಧಿಯನ್ನು 2029ರ ಹೊತ್ತಿಗೆ 47 ದಿನಗಳಿಗೆ ಇಳಿಸುವ ತೀರ್ಮಾನವೂ ಆಗಿರುವುದರಿಂದ, ಕ್ಯಾಲೆಂಡರ್ ನೋಡಿ ಕೈಯಾರೆ ನವೀಕರಿಸುತ್ತೇನೆ ಎನ್ನುವವರು ಇನ್ನಷ್ಟು ಸಲ ಮರೆಯುವುದು ಖಂಡಿತ.

ಅಂದಹಾಗೆ, ಎಚ್ಚರಿಕೆ ಬಾರದ ಮಾತ್ರಕ್ಕೆ ತಾಣ ಪ್ರಾಮಾಣಿಕವೆಂದೇನೂ ಅಲ್ಲ. ವಂಚಕರೂ ತಮ್ಮ ವಿಳಾಸಕ್ಕೆ ಸರಿಯಾದ ಸರ್ಟಿಫಿಕೇಟ್ ಪಡೆಯಬಲ್ಲರು.

ಎಚ್ಚರಿಕೆ ಕಂಡಾಗ ನಾನು ಮೊದಲು ಗಡಿಯಾರವನ್ನೂ ವಿಳಾಸದ ಅಕ್ಷರಗಳನ್ನೂ ನೋಡುತ್ತೇನೆ. ಸಾರ್ವಜನಿಕ ವೈಫೈ ಆಗಿದ್ದರೆ ಅದನ್ನು ಬಿಟ್ಟು ಮೊಬೈಲ್ ಡೇಟಾದಲ್ಲಿ ತೆರೆದು ನೋಡುತ್ತೇನೆ. ಅಲ್ಲಿಯೂ ಎಚ್ಚರಿಕೆ ಬಂದರೆ ಲಾಗಿನ್ ಆಗುವುದಿಲ್ಲ, ತಾಣದವರಿಗೆ ಕೋಡ್ ಸಮೇತ ಬರೆದು ತಿಳಿಸುತ್ತೇನೆ. ಮನೆಯ ರೂಟರ್‌ನ ಸೆಟ್ಟಿಂಗ್ಸ್ ಪುಟಕ್ಕೆ ಮಾತ್ರ ವಿನಾಯಿತಿ ಕೊಡುತ್ತೇನೆ, ಏಕೆಂದರೆ ಆ ಪೆಟ್ಟಿಗೆ ಇರುವುದು ನನ್ನ ಕಣ್ಣೆದುರಿಗೇ.