ಹಿಗ್ಸ್ ಸರ್ನ್‌ನಲ್ಲಿ ಕಣ ಹುಡುಕಿದವರಲ್ಲ

‘ಪೀಟರ್ ಹಿಗ್ಸ್ ಸರ್ನ್‌ನಲ್ಲಿ ಪ್ರಯೋಗ ಮಾಡಿ ದೇವಕಣ ಕಂಡುಹಿಡಿದರು’ ಎಂಬ ಮಾತು ಓಡಾಡುತ್ತಿದೆ. ಸರ್ನ್ ಅಂದರೆ ಜಿನೀವಾ ಬಳಿಯ ಕಣ ಭೌತಶಾಸ್ತ್ರ ಪ್ರಯೋಗಾಲಯ, ದೇವಕಣ ಅಂದರೆ ಹಿಗ್ಸ್ ಬೋಸಾನ್ ಎಂಬ ಕಣದ ಅಡ್ಡಹೆಸರು. ಆ ಮಾತು ತಪ್ಪು. ಹಿಗ್ಸ್ ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ಮೇಷ್ಟ್ರಾಗಿದ್ದರು, ಅವರದು ಪ್ರಯೋಗವಲ್ಲ, ಕಾಗದದ ಮೇಲೆ ಲೆಕ್ಕ ಹಾಕುವ ಭೌತಶಾಸ್ತ್ರದ ಕೆಲಸ. 1964ರಲ್ಲಿ ಅವರ ಲೇಖನವೊಂದನ್ನು ಯುರೋಪಿನ ವಿಜ್ಞಾನ ಪತ್ರಿಕೆ ವಾಪಸ್ ಕಳಿಸಿತು. ಅವರು ಸುಮ್ನೆ ಕೂರಲಿಲ್ಲ. ಭಾರವಿರುವ ಹೊಸ ಕಣವೊಂದು (ಮುಂದೆ ದೇವಕಣ ಎನಿಸಿಕೊಂಡದ್ದು ಇದೇ) ಇರಬೇಕು ಎಂಬ ಮಾತನ್ನು ಆ ಲೇಖನಕ್ಕೆ ಸೇರಿಸಿ ಅಮೆರಿಕದ ಪತ್ರಿಕೆಗೆ ಕಳಿಸಿದರು. ಅಚ್ಚಾಯಿತು. ಇಡೀ ಕಥೆಯಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇದೇ.

ಅವರು ನಿವೃತ್ತರಾಗಿದ್ದು 1996ರಲ್ಲಿ. ಕಣ ಸಿಕ್ಕಿದ ಸುದ್ದಿಯನ್ನು ಸರ್ನ್ ಪ್ರಕಟಿಸಿದ್ದು 2012ರ ಜುಲೈ 4ರಂದು. ಹುಡುಕಿದ್ದು ಅಲ್ಲಿ ಪ್ರಯೋಗ ನಡೆಸಿದ ಅಟ್ಲಾಸ್, ಸಿಎಂಎಸ್ ಎಂಬ ಎರಡು ತಂಡಗಳ ಸಾವಿರಾರು ವಿಜ್ಞಾನಿಗಳು. ಆ ದಿನ ಹಿಗ್ಸ್ ಸಭಿಕರ ನಡುವೆ ಕೂತು ಕಣ್ಣೊರೆಸಿಕೊಂಡರು.

2013ರ ನೊಬೆಲ್ ಕೂಡ ಅವರೊಬ್ಬರಿಗೇ ಬಂದದ್ದಲ್ಲ. ಬೆಲ್ಜಿಯಂನ ಭೌತವಿಜ್ಞಾನಿ ಫ್ರಾನ್ಸ್ವಾ ಆಂಗ್ಲೇರ್ ಅದನ್ನು ಅವರ ಜೊತೆ ಹಂಚಿಕೊಂಡರು.