ದೊಡ್ಡಮ್ಮ ಫ್ರೇಮಿನಿಂದ ಆಚೆ

ವ್ಲಾಗ್ ಮಾಡುವವರು ಯಾರ ಮನೆಗೆ ಹೋದರೂ ಮೊದಲು ನೋಡುವುದು ಗೋಡೆ. ಕಾಫಿ ಕೊಟ್ಟವರ ಮುಖ ಆಮೇಲೆ. ಮಲೆನಾಡಿನ ಸಾಗರದ ಹತ್ತಿರ ದೊಡ್ಡಮ್ಮನ ಮನೆಗೆ ಅಪ್ಪೆಮಿಡಿ, ಅಂದರೆ ಪರಿಮಳದ ಎಳೆ ಮಾವಿನಕಾಯಿಯ ಉಪ್ಪಿನಕಾಯಿಯ ವಿಡಿಯೊ ಮಾಡಲು ನಾನು ಹೋದಾಗಲೂ ಅಷ್ಟೇ. ಒಂದು ಬ್ಯಾಗಿನಲ್ಲಿ ಬಟ್ಟೆ, ಉಳಿದವುಗಳಲ್ಲೆಲ್ಲ ಲೈಟು.

ಅಡುಗೆಮನೆ ನೋಡಿದ ಕೂಡಲೇ ಕೈ ತುರಿಸಿತು. ಹಾಲಿನ ಲೆಕ್ಕ ಬರೆದ ಕ್ಯಾಲೆಂಡರ್, ಎಣ್ಣೆ ಜಿಡ್ಡಿನ ಡಬ್ಬಗಳು, ಮೂಲೆಯಲ್ಲಿ ಬಾಯಿಗೆ ಹಳೇ ಪಂಚೆ ತುಂಡು ಕಟ್ಟಿದ ಭರಣಿ. ಎಲ್ಲವನ್ನೂ ಜಗಲಿಗೆ ಸಾಗಿಸಿ, ತಾಮ್ರದ ಚೊಂಬು, ಮನಿ ಪ್ಲಾಂಟು, ಹಿಂದೆ ಒಂದು ಮಿಣುಕು ದೀಪಗಳ ಸೀರಿಯಲ್ ಸೆಟ್ ಹಾಕಿದೆ. ದೊಡ್ಡಪ್ಪ ಇಣುಕಿ, "ಮದುವೆ ಯಾರದ್ದೋ?" ಅಂದು ಹೋದರು.

ಆಮೇಲೆ ಬೆಳಕಿನ ಕಾಟ. ರಿಂಗ್ ಲೈಟು ದೊಡ್ಡಮ್ಮನ ಕನ್ನಡಕದಲ್ಲಿ ಎರಡು ಬಿಳಿ ಕೋಡುಬಳೆಯಾಗಿ ಕೂತಿತು. ಅದನ್ನು ಮೇಲಕ್ಕೆತ್ತಿ ಪಕ್ಕಕ್ಕೆ ತಿರುಗಿಸಿದರೆ ಕೋಡುಬಳೆ ಮಾಯ, ಆದರೆ ಬೆಳಕಿನ ಬಣ್ಣದ ಅಳತೆಯಲ್ಲಿ 6500 ಕೆಲ್ವಿನ್‌ನ ಟ್ಯೂಬ್‌ಲೈಟು ಒಂದು ಕಡೆ, 2700ರ ಹಳದಿ ಬಲ್ಬು ಇನ್ನೊಂದು ಕಡೆ ಸೇರಿ ಒಂದು ಕೆನ್ನೆ ನೀಲಿ, ಇನ್ನೊಂದು ಅರಿಶಿನ. ಟ್ಯೂಬ್‌ಲೈಟು ಆರಿಸಿದೆ. ಈಗ ಗೋಡೆಯ ಮೇಲೆ ಪಟ್ಟೆ ಪಟ್ಟೆ! ನಮ್ಮ ಕರೆಂಟು 50 ಹರ್ಟ್ಸ್, ಅಗ್ಗದ ಎಲ್‌ಇಡಿ ಸೆಕೆಂಡಿಗೆ 100 ಸಲ ಮಿಟುಕುತ್ತದೆ, ಕಣ್ಣು ಸುಮ್ನಿರುತ್ತೆ, ಕ್ಯಾಮೆರಾ ಸುಮ್ನಿರಲ್ಲ. ಶಟರ್ 1/50 ಸೆಕೆಂಡಿಗೆ ಇಟ್ಟು, ಒಂದೊಂದು ಫ್ರೇಮಿಗೂ ಪೂರ್ತಿ ಎರಡು ಮಿಟುಕು ಸಿಕ್ಕ ಮೇಲೆ ಪಟ್ಟೆ ಹೋಯಿತು.

ದೊಡ್ಡಮ್ಮ ಶುರುಮಾಡಿದರು. "ಈ ಭರಣಿ ನಮ್ಮ ಅತ್ತೆಯವರದ್ದು..." ಅಂತ ಹಿಂದೆ ಕೈ ಚಾಚಿದರು. ಭರಣಿ ಇಲ್ಲ. ಎದ್ದು ಜಗಲಿಗೆ ಹೋದರು. ತಂದು ಕೂತು, ಹೋದ ವರ್ಷ ಮಿಡಿ ಉಪ್ಪಿಗೆ ಹಾಕಿದ್ದು ಯಾವತ್ತು ಅಂತ ಹೇಳಲು ಗೋಡೆ ನೋಡಿದರು. ಅಲ್ಲಿ ಮನಿ ಪ್ಲಾಂಟು. "ತಾಳು, ಬರೆದಿಟ್ಟಿದೀನಿ." ಮತ್ತೆ ಜಗಲಿ. ಅವರು ಹೇಳುವ ಒಂದೊಂದು ಕತೆಗೂ ನಾನು ಆಚೆ ಹಾಕಿದ ಒಂದೊಂದು ಸಾಮಾನು ಬೇಕಿತ್ತು. ಹೀಗಾಗಿ ಒಳ್ಳೇ ಬೆಳಕಿನಲ್ಲಿ ಬರೀ ಗಿಡ, ದೂರದಿಂದ ದೊಡ್ಡಮ್ಮನ ದನಿ: ಅತ್ತೆ ತೊಟ್ಟು ಮುರಿದು ಸೊನೆ ಮೂಸಿ, ಪರಿಮಳ ಇಲ್ಲ ಅಂತ ಬೀಗರು ಕಳಿಸಿದ ಇಡೀ ಮೂಟೆಯನ್ನೇ ವಾಪಸ್ ಕಳಿಸಿದರಂತೆ. ಎರಡು ವರ್ಷ ಮಾತಿಲ್ಲವಂತೆ.

ಇಂಥ ಕತೆ ಮೈಕಿಗೆ ಸಿಕ್ಕಿದ್ದು ಅರ್ಧ. ಇನ್ನೊಮ್ಮೆ ಹೇಳಿಸೋಣ ಅನ್ನುವಾಗ ಕರೆಂಟು ಹೋಯಿತು.

ಆಗ ಕಂಡಿತು ಮಾಡಿನ ಗಾಜಿನ ಹೆಂಚು. ಒಲೆಯ ಹೊಗೆಯಲ್ಲಿ ಬಿಸಿಲಿನ ಕೋಲು ನೇರ ಇಳಿದಿದೆ. ಮೈಸೂರಿನವರಾದ ವಿ.ಕೆ. ಮೂರ್ತಿ 1959ರ ಹಿಂದಿ ಸಿನಿಮಾ ‘ಕಾಗಜ್ ಕೆ ಫೂಲ್’ನಲ್ಲಿ ಕನ್ನಡಿ ಹಿಡಿಸಿ ಬಿಸಿಲನ್ನು ಸ್ಟುಡಿಯೊ ಒಳಗೆ ತಂದವರು, ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕರೂ ಅವರೇ. ಇಲ್ಲಿ ಅದೇ ಬೆಳಕು ಬಿಟ್ಟಿ! ಆದರೆ ಬಿದ್ದಿದ್ದು ಒರಳಿನ ಪಕ್ಕ, ದೊಡ್ಡಮ್ಮನ ಮೇಲಲ್ಲ. ಸರಿ, ಕೋಣೆಯ ಕನ್ನಡಿ ತಂದು ದೊಡ್ಡಪ್ಪನ ಕೈಗೆ ಕೊಟ್ಟೆ. ಮುಖಕ್ಕೆ ಬೆಳಕು ಬಂತು. ಸೂರ್ಯ ಸರಿದ ಹಾಗೆ ಅದು ಕುತ್ತಿಗೆಗೆ ಇಳಿಯಿತು, ಆಮೇಲೆ ಭರಣಿಗೆ. ದೊಡ್ಡಪ್ಪ ನಡುವೆ ಕನ್ನಡಿಯಲ್ಲಿ ತಮ್ಮ ಗಡ್ಡ ನೋಡಿಕೊಂಡರು.

ಅಷ್ಟರಲ್ಲಿ ಬೀಗರ ಮೂಟೆಯ ಕತೆ ಮತ್ತೆ ಬಂತು. "ಎರಡು ವರ್ಷ ಅಲ್ಲ ಮಾರಾಯ್ತಿ, ತಂಗಿ ಮದುವೆವರೆಗೂ ಮಾತಿರಲಿಲ್ಲ" ಅಂದರು ದೊಡ್ಡಪ್ಪ. ಜಗಳ ಶುರು. ಇಬ್ಬರೂ ಕ್ಯಾಮೆರಾ ಮರೆತರು. ಬೆಳಕು ಎಲ್ಲೆಲ್ಲೋ ಹಾರಾಡಿತು. ಒಂದೊಂದಾಗಿ ವಾಪಸ್ ಬಂದಿದ್ದ ಭರಣಿ, ಕ್ಯಾಲೆಂಡರ್, ಜಿಡ್ಡಿನ ಡಬ್ಬ ಎಲ್ಲ ಫ್ರೇಮಿನಲ್ಲೇ ಇದ್ದವು, ನಾನು ಉಸಿರು ಬಿಡದೆ ರೆಕಾರ್ಡ್ ಮಾಡಿದೆ.

ಸಂಜೆ ತೋರಿಸಿದೆ. ದೊಡ್ಡಮ್ಮ ನಕ್ಕಿದ್ದೇ ನಕ್ಕಿದ್ದು. ಆಮೇಲೆ ಗಂಭೀರವಾಗಿ, "ಇದನ್ನ ಬೀಗರ ಮನೆಯವರೂ ನೋಡಬಹುದಾ?" ಅಂದರು.

"ಯಾರು ಬೇಕಾದರೂ ನೋಡಬಹುದು."

"ಹಾಗಾದ್ರೆ ಅಷ್ಟು ಭಾಗ ಕರೆಂಟು ಹೋದ ಹಾಗೆ ಕಪ್ಪು ಮಾಡಿಬಿಡು. ಮಾತು ಮಾತ್ರ ಇರಲಿ."